ಮರ ನೋಡಬೇಡಿ, ಸಂದಿ ನೋಡಿ: ತೋಪಿನೊಳಗೆ ಡಿಸ್ಕ್ ಗಾಲ್ಫ್ ಆಡುವುದು ಹೇಗೆ?

ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಮುಗಿದು ಮಂಡಿಗಳ ಗಲಾಟೆ ತಣ್ಣಗಾದ ಮೇಲೆ ತೋಪುಗಳ ಕಡೆ ಯಾರೂ ತಲೆ ಹಾಕುವುದಿಲ್ಲ. ಕಾವಲಿನ ಗುಡಿಸಲೂ ಖಾಲಿ. ಆಗಸ್ಟ್‌ನಿಂದ ಡಿಸೆಂಬರ್ ತನಕ, ಅಂದರೆ ಮತ್ತೆ ಹೂ ಬಿಡುವವರೆಗೆ, ದೊಡ್ಡಪ್ಪನ ತೋಪು ನಮ್ಮದು. ಮಾವಿನ ಮರಗಳ ನಡುವೆ ಡಿಸ್ಕ್ ಗಾಲ್ಫ್‌ನ 9 ಹೋಲ್, ಪಕ್ಕದವರ ನೀಲಗಿರಿ ಜಮೀನಿನಲ್ಲಿ ಇನ್ನು 9. ಟೀಯಿಂದ, ಅಂದರೆ ಮೊದಲ ಎಸೆತದ ಜಾಗದಿಂದ, ಬುಟ್ಟಿಗೆ ಅಳೆಯುತ್ತಾ ಹೋದರೆ ಎಲ್ಲಾ ಸೇರಿ ಎರಡೂವರೆ ಕಿಲೋಮೀಟರ್ ಹತ್ತಿರ. ಹೂ ಬಿಟ್ಟ ಮೇಲೆ ಮಾತ್ರ ಅಲ್ಲಿಗೆ ಡಿಸ್ಕ್ ತಗೊಂಡು ಹೋದರೆ ದೊಡ್ಡಪ್ಪ ನಮ್ಮನ್ನೇ ಎಸೆಯುತ್ತಾರೆ.

ಬಯಲಿನಲ್ಲಿ ಡಿಸ್ಕ್ ಎಸೆದು ಅಭ್ಯಾಸ ಇದ್ದವರು ತೋಪಿಗೆ ಬಂದ ಮೊದಲ ದಿನ ಬಹಳ ಬೇಜಾರು ಮಾಡಿಕೊಳ್ಳುತ್ತಾರೆ. ನಾನೂ ಮಾಡಿಕೊಂಡಿದ್ದೆ. ಈ ಲೇಖನ ಅಂಥವರಿಗೆ.

ಆಟ ಇಷ್ಟೇ

ಗಾಲ್ಫ್‌ನ ಲೆಕ್ಕವೇ. ಚೆಂಡಿನ ಬದಲು ಫ್ರಿಸ್ಬೀಯಂಥ ಡಿಸ್ಕ್, ಗುಂಡಿಯ ಬದಲು ಸರಪಳಿ ತೂಗುಬಿಟ್ಟ ಬುಟ್ಟಿ. ಟೀಯಿಂದ ಎಸೆಯಬೇಕು, ಬಿದ್ದ ಜಾಗದಿಂದ ಮತ್ತೆ ಎಸೆಯಬೇಕು, ಬುಟ್ಟಿಗೆ ಬೀಳುವ ತನಕ. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಎಡ್ ಹೆಡ್ರಿಕ್ ಎಂಬುವರು ಮೊದಲ ಪಕ್ಕಾ ಕೋರ್ಸ್ ಹಾಕಿದರು. ಮರುವರ್ಷ ಪಿಡಿಜಿಎ (ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್) ಎಂಬ ಸಂಸ್ಥೆ ಕಟ್ಟಿದರು. ಇವತ್ತಿಗೂ ಆಟದ ನಿಯಮ ಅದರದ್ದೇ. ಸರಪಳಿ ಬುಟ್ಟಿಯೂ ಹೆಡ್ರಿಕ್ ಅವರದೇ ತಲೆ. ಅದಕ್ಕೆ ಮುಂಚೆ ಜನ ಮರಕ್ಕೋ ಕಂಬಕ್ಕೋ ಗುರಿಯಿಟ್ಟು ಎಸೆಯುತ್ತಿದ್ದರು.

ಜಮೀನಿನಲ್ಲಿ ಕೋರ್ಸ್ ಮಾಡುವುದೂ ಹೊಸದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ಹೆಸರುವಾಸಿ ಮೇಪಲ್ ಹಿಲ್ ಕೋರ್ಸ್ ಇರುವುದು ಕ್ರಿಸ್‌ಮಸ್ ಮರ ಬೆಳೆಯುವ ತೋಟದಲ್ಲಿ. ಅವರಿಗೆ ಕ್ರಿಸ್‌ಮಸ್ ಮರ, ನಮಗೆ ತೋತಾಪುರಿ.

ನಮ್ಮ ಬುಟ್ಟಿಗಳನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ಹಳೇ 28 ಇಂಚಿನ ಸೈಕಲ್ ರಿಮ್ ಎರಡು, ನಡುವೆ ಒಂದು ಪೈಪು, ಮೇಲಿನ ರಿಮ್ಮಿನಿಂದ ಇಳಿಬಿಟ್ಟ ದನ ಕಟ್ಟುವ ಸರಪಳಿ. ಕೆಳಗಿನ ಬುಟ್ಟಿಯ ಅಂಚು ನೆಲದಿಂದ 82 ಸೆಂಟಿಮೀಟರ್ ಎತ್ತರಕ್ಕೆ ಬರಲಿ, ಅಳತೆ ಸರಿಹೋಗುತ್ತದೆ. ಡಿಸ್ಕ್ ಬಡಿದಾಗ ಸರಪಳಿ ಝಲ್ ಅನ್ನಬೇಕು. ಆ ಸದ್ದಿಗೇ ಅರ್ಧ ಜನ ಈ ಆಟಕ್ಕೆ ಬೀಳುವುದು.

ಮೊದಲು ಬರಿಗೈಯಲ್ಲಿ ನಡೆಯಿರಿ

ಬಯಲಿನ ಕೋರ್ಸಿನಲ್ಲಿ ಬುಟ್ಟಿ ಟೀಯಿಂದಲೇ ಕಾಣುತ್ತದೆ. ತೋಪಿನಲ್ಲಿ ಕಾಣುವುದಿಲ್ಲ. ಹಾಗಾಗಿ ಹೊಸ ಕೋರ್ಸಿಗೆ ಹೋದರೆ ಒಂದು ಸುತ್ತು ಸುಮ್ನೆ ನಡೆದು ಬನ್ನಿ. ಅದೂ ಉಲ್ಟಾ, ಬುಟ್ಟಿಯಿಂದ ಟೀ ಕಡೆಗೆ. ಬುಟ್ಟಿಯ ಹತ್ತಿರ ನಿಂತು ಹಿಂದಕ್ಕೆ ನೋಡಿ: ಯಾವ ಕಡೆಯಿಂದ ಬಂದರೆ ದಾರಿ ತೆರೆದಿದೆ? ಎಡದಿಂದಲೋ, ಬಲದಿಂದಲೋ? ಡಿಸ್ಕ್ ಬಂದು ಬೀಳಬೇಕಾದ ಜಾಗ ಅದು. ಈಗ ಟೀಗೆ ಬಂದು, ಆ ಜಾಗಕ್ಕೆ ಹೋಗಲು ಎಷ್ಟು ಎಸೆತ ಬೇಕು ಅಂತ ಲೆಕ್ಕ ಹಾಕಿ.

ಮರದ ಜಾತಿ ನೋಡುವುದನ್ನೂ ಕಲಿಯಿರಿ. ನೀಲಗಿರಿ ಸಾಲು ಅಂದರೆ ಕಂಬಗಳ ಕಾರಿಡಾರ್. ಕೆಳಗೆ ಕೊಂಬೆ ಇಲ್ಲ, ತಲೆ ಮೇಲೆ ಬೇಕಾದಷ್ಟು ಜಾಗ, ಅಕ್ಕಪಕ್ಕ ಮಾತ್ರ ಜಾಗವಿಲ್ಲ. ಅಲ್ಲಿ ನೇರ ಎಸೆದವರು ಬದುಕುತ್ತಾರೆ. ಮಾವು ತದ್ವಿರುದ್ಧ. ಹಳೇ ತೋಪಿನಲ್ಲಿ ಮರದಿಂದ ಮರಕ್ಕೆ 10 ಮೀಟರ್ ಅಂತರ, ನಡುವೆ ಟ್ರ್ಯಾಕ್ಟರ್ ಓಡಿಸಬಹುದು. ಆದರೆ ಕೊಂಬೆಗಳು ಎದೆಮಟ್ಟಕ್ಕೆ ಇಳಿದು ಛಾವಣಿ ಹಾಕಿದ ಹಾಗಿರುತ್ತವೆ. ಅಲ್ಲಿ ಎತ್ತರಕ್ಕೆ ಎಸೆದವರು ಕೆಟ್ಟರು. ನೀಲಗಿರಿಯನ್ನು ಬೈಯದ ಕೋಲಾರದವರು ಸಿಗುವುದು ಕಷ್ಟ, ನಮ್ಮ ಬೋರ್‌ವೆಲ್‌ಗಳ ಕಥೆ ಗೊತ್ತಲ್ಲ. ಆದರೆ ನೇರ ಎಸೆಯುವುದನ್ನು ನನಗೆ ಕಲಿಸಿದ್ದು ಆ ಹಾಳು ಮರವೇ.

ಡ್ರೈವರ್ ಚೀಲದಲ್ಲೇ ಇರಲಿ

ಡಿಸ್ಕ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಅಂಚು ದಪ್ಪಗಿದ್ದು ನಿಧಾನ ಹೋಗುವ ಪಟರ್, ನಡುವಿನ ಮಿಡ್‌ರೇಂಜ್, ಅಂಚು ಚೂಪಾಗಿ ದೂರ ಹೋಗುವ ಡ್ರೈವರ್. ತೂಕ ಸಾಮಾನ್ಯವಾಗಿ 150ರಿಂದ 180 ಗ್ರಾಂ. ಬಹಳಷ್ಟು ಡಿಸ್ಕ್‌ಗಳ ಮೇಲೆ ನಾಲ್ಕು ಅಂಕಿ ಇರುತ್ತವೆ: ಎಷ್ಟು ವೇಗ ಬೇಕು, ಎಷ್ಟು ಹೊತ್ತು ತೇಲುತ್ತದೆ, ವೇಗದಲ್ಲಿದ್ದಾಗ ಎಷ್ಟು ವಾಲುತ್ತದೆ, ಕೊನೆಯಲ್ಲಿ ಎಷ್ಟು ಆಚೆಗೆ ತಿರುಗುತ್ತದೆ. ತೋಪಿಗೆ ಮೊದಲ ಅಂಕಿ 3ರಿಂದ 5, ಕೊನೆಯದು 0 ಅಥವಾ 1 ಇರುವ ಡಿಸ್ಕ್ ಸಾಕು. ಅಂದರೆ ಪಟರ್ ಅಥವಾ ಮಿಡ್‌ರೇಂಜ್.

ಹೊಸಬರು ಇದನ್ನು ಒಪ್ಪುವುದಿಲ್ಲ. 200 ಮೀಟರ್ ಹೋಲ್ ನೋಡಿದ ತಕ್ಷಣ ಕೈ ಡ್ರೈವರ್‌ಗೆ ಹೋಗುತ್ತದೆ. ಲೆಕ್ಕ ಹಾಕಿ ನೋಡಿ. ಪಟರ್‌ನಲ್ಲಿ 60, 60, 60 ಮೀಟರ್ ನೇರ ಎಸೆದರೆ ನಾಲ್ಕನೇ ಎಸೆತ ಬುಟ್ಟಿಯ ಹತ್ತಿರದಿಂದ. ಡ್ರೈವರ್‌ನಲ್ಲಿ 90 ಮೀಟರ್ ಎಸೆಯುವ ಶಕ್ತಿ ಇದ್ದರೂ, 15ನೇ ಮೀಟರ್‌ನಲ್ಲಿ ಮರಕ್ಕೆ ಬಡಿದರೆ ನೀವು ಎಸೆದದ್ದು 15 ಮೀಟರ್. ನಿಧಾನದ ಡಿಸ್ಕ್‌ಗೆ ಇನ್ನೂ ಒಂದು ಗುಣ ಇದೆ. ಮರಕ್ಕೆ ತಾಗಿದರೂ ಅಲ್ಲೇ ಹತ್ತಿರ ಬೀಳುತ್ತದೆ. ಡ್ರೈವರ್ ಚಿಮ್ಮಿ ಪಕ್ಕದ ಸಾಲಿನ ಸೀಮೆ ಜಾಲಿಯೊಳಗೆ ಹೋಗಿ ಕೂರುತ್ತದೆ.

ಡಿಸ್ಕ್ ಯಾಕೆ ಎಡಕ್ಕೆ ತಿರುಗುತ್ತದೆ?

ಬಲಗೈಯವರು ಎದೆಯ ಕಡೆಯಿಂದ ಹೊರಕ್ಕೆ ಬೀಸಿ ಎಸೆಯುವುದಕ್ಕೆ ಬ್ಯಾಕ್‌ಹ್ಯಾಂಡ್ ಎನ್ನುತ್ತಾರೆ. ಈ ಎಸೆತ ಕೊನೆಯಲ್ಲಿ ಎಡಕ್ಕೆ ತಿರುಗಿಯೇ ತಿರುಗುತ್ತದೆ. ಕಾರಣ ಗೊತ್ತಿದ್ದರೆ ಜಗಳ ಆಡುವುದು ಬಿಟ್ಟು ಅದನ್ನೇ ಬಳಸಿಕೊಳ್ಳಬಹುದು.

ತಿರುಗುವ ಬುಗುರಿಯನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದರೆ ಅದು ಮುಂದಕ್ಕೆ ಬೀಳುವುದಿಲ್ಲ, ಪಕ್ಕಕ್ಕೆ ವಾಲುತ್ತದೆ. ಡಿಸ್ಕ್ ಕೂಡ ಹಾರುವ ಬುಗುರಿಯೇ. ವೇಗ ತಗ್ಗಿದ ಹಾಗೆ ಗಾಳಿ ಅದರ ಮೂತಿಯನ್ನು, ಅಂದರೆ ಮುಂದಿನ ಅಂಚನ್ನು, ಮೇಲಕ್ಕೆತ್ತಲು ನೋಡುತ್ತದೆ. ಆದರೆ ಡಿಸ್ಕ್ ಗಡಿಯಾರದ ಮುಳ್ಳಿನಂತೆ ತಿರುಗುತ್ತಿರುವುದರಿಂದ ಮೂತಿ ಏಳುವ ಬದಲು ಎಡಕ್ಕೆ ವಾಲುತ್ತದೆ. ಬಲಗೈ ಇರುವ ಪಕ್ಕದಿಂದಲೇ ಮುಂದಕ್ಕೆ ಬೀಸಿ ಎಸೆಯುವ ಫೋರ್‌ಹ್ಯಾಂಡ್‌ನಲ್ಲಿ ಸುತ್ತು ಉಲ್ಟಾ, ಹಾಗಾಗಿ ಬಲಕ್ಕೆ. ಫೋರ್‌ಹ್ಯಾಂಡ್ ಕಲಿಯಲು ಕ್ಲಾಸ್ ಬೇಡ. ಕೆರೆ ನೀರಿನ ಮೇಲೆ ಚಪ್ಪಟೆ ಕಲ್ಲು ಕುಪ್ಪಳಿಸಿದವರಿಗೆಲ್ಲಾ ಆ ಬೀಸು ಗೊತ್ತು. ನಮ್ಮ ಜಿಲ್ಲೆಯಲ್ಲಿ ಕೆರೆಗಳಿಗೇನು ಬರ, ನೀರಿಗೆ ಬರ ಅಷ್ಟೆ.

ಬುಟ್ಟಿ ಎಡಕ್ಕಿದ್ದರೆ ಬ್ಯಾಕ್‌ಹ್ಯಾಂಡ್, ಬಲಕ್ಕಿದ್ದರೆ ಫೋರ್‌ಹ್ಯಾಂಡ್. ಎಡಗೈಯವರಿಗೆ ಎರಡೂ ಅದಲುಬದಲು. ತೋಪಿನ ಅರ್ಧ ಬುದ್ಧಿವಂತಿಕೆ ಇಷ್ಟೇ.

ಎಸೆಯುವಾಗ

ಓಡಿ ಬಂದು ಎಸೆಯಬೇಡಿ. ನಿಂತು ಎಸೆಯಿರಿ, ಇಲ್ಲವೇ ಒಂದೇ ಹೆಜ್ಜೆ. ದೂರ ಸ್ವಲ್ಪ ಕಡಿಮೆಯಾಗುತ್ತದೆ, ಗುರಿ ಬಹಳ ಸುಧಾರಿಸುತ್ತದೆ. ಉದುರಿದ ನೀಲಗಿರಿ ಎಲೆಯ ಮೇಲೆ ಓಡಿದರೆ ಕಾಲು ಜಾರುತ್ತದೆ ಬೇರೆ.

ಡಿಸ್ಕಿನ ಮೂತಿ ಮೇಲೇಳದ ಹಾಗೆ ನೋಡಿಕೊಳ್ಳಿ. ಮೂತಿ ಎದ್ದ ಡಿಸ್ಕ್ ಮೇಲಕ್ಕೆ ಹೋಗಿ ಕೊಂಬೆಗೆ ತಗಲುತ್ತದೆ. ಮಾವಿನ ಛಾವಣಿ ತೀರಾ ಕೆಳಗಿದ್ದರೆ ಮಂಡಿಯೂರಿ ಎಸೆಯಿರಿ. ನಾಚಿಕೆ ಬೇಡ, ದೊಡ್ಡ ಆಟಗಾರರೂ ಮಾಡುತ್ತಾರೆ.

ಇನ್ನು ಕಣ್ಣು. ನಮ್ಮ 7ನೇ ಹೋಲ್‌ನಲ್ಲಿ ಟೀಯಿಂದ 20 ಮೀಟರ್‌ಗೆ ಸರಿಯಾಗಿ ನಡುವೆ ಒಂದು ಹಳೇ ಹುಣಸೆ ಮರ. ಅದರ ಎಡಕ್ಕೆ ನಾಲ್ಕು ಮೀಟರ್ ಜಾಗ, ಬಲಕ್ಕೆ ಅದಕ್ಕಿಂತ ಜಾಸ್ತಿ. ಆದರೂ ಒಂದು ಬೆಳಿಗ್ಗೆ ನಾನು ಸಾಲಾಗಿ ಆರು ಡಿಸ್ಕ್ ಎಸೆದೆ, ಐದು ಹುಣಸೆ ಬೊಡ್ಡೆಗೇ ಬಡಿದವು. ದೊಡ್ಡಪ್ಪ ಪಂಪ್‌ಹೌಸ್ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು.

‘ಏನೋ, ಆ ಮರ ಉರುಳಿಸಬೇಕಂತ ಇದೀಯಾ?’

‘ಇಲ್ಲ ದೊಡ್ಡಪ್ಪ, ಪಕ್ಕದಲ್ಲಿ ಹೋಗ್ಲಿ ಅಂತ.’

‘ಮತ್ತೆ ಮರಾನೇ ನೋಡ್ತಾ ಇದೀಯಲ್ಲೋ. ಎತ್ತಿನ ಗಾಡಿ ಹೊಡೆಯೋನು ಗುಂಡಿ ನೋಡ್ತಾ ಹೊಡೆದ್ರೆ ಚಕ್ರ ಗುಂಡಿಗೇ ಇಳಿಯೋದು.’

ಅವರು ಜೀವಮಾನದಲ್ಲಿ ಡಿಸ್ಕ್ ಮುಟ್ಟಿದವರಲ್ಲ. ಅವರ ಬಾಯಲ್ಲಿ ಅದು ಇವತ್ತಿಗೂ ‘ತಟ್ಟೆ’. ಆದರೆ ಮಾತು ಸರಿ ಇತ್ತು. ಈಗ ನಾನು ಸಂದಿಯ ಆಚೆ ಏನಾದರೂ ಒಂದು ಗುರುತು ಹುಡುಕುತ್ತೇನೆ. ದೂರದ ಕಲ್ಲುಕಂಬ, ಬಿಳಿ ಬಳಿದ ಬುಡ, ಹುತ್ತ, ಏನಾದರೂ ಸರಿ. ಕಣ್ಣು ಅಲ್ಲೇ. ಕೈ ಕಣ್ಣಿನ ಹಿಂದೆ ಹೋಗುತ್ತದೆ. ಎಲ್ಲಾ ಸಲ ಅಲ್ಲ, ಆರರಲ್ಲಿ ಮೂರು ಸಲ.

ಮರಕ್ಕೆ ಬಡಿದ ಮೇಲೆ

ಸ್ಕೋರು ಹಾಳಾಗುವುದು ಮೊದಲ ತಪ್ಪು ಎಸೆತದಿಂದಲ್ಲ, ಅದರ ಸಿಟ್ಟಿನಲ್ಲಿ ಎಸೆಯುವ ಎರಡನೆಯದರಿಂದ.

ಡಿಸ್ಕ್ ಮರಗಳ ಗುಂಪಿನೊಳಗೆ ಬಿದ್ದಿದೆ ಅಂದುಕೊಳ್ಳಿ. ಬುಟ್ಟಿಯ ದಿಕ್ಕಿನಲ್ಲಿ ಒಂದು ಮೀಟರ್ ಕಿಂಡಿ ಕಾಣುತ್ತಿದೆ. ಮನಸ್ಸು ‘ಹೋಗುತ್ತೆ, ಎಸಿ’ ಅನ್ನುತ್ತದೆ. ಹತ್ತರಲ್ಲಿ ಎರಡು ಸಲ ಹೋಗಬಹುದು. ಮಿಕ್ಕ ಎಂಟು ಸಲ ಮತ್ತೆ ಮರ, ಮತ್ತೆ ಇನ್ನೂ ಕೆಟ್ಟ ಜಾಗ. ನಾನು ಹೀಗೇ ಪಾರ್ 4 ಹೋಲ್‌ನಲ್ಲಿ, ಅಂದರೆ ನಾಲ್ಕು ಎಸೆತದಲ್ಲಿ ಮುಗಿಸಬೇಕಾದ ಕಡೆ, 9 ತೆಗೆದುಕೊಂಡಿದ್ದೇನೆ. ಅದರ ಬದಲು ಪಕ್ಕಕ್ಕೋ ಹಿಂದಕ್ಕೋ ಮೆಲ್ಲಗೆ ಎಸೆದು ದಾರಿಗೆ ಬನ್ನಿ. ಹೋಗುವುದು ಒಂದೇ ಎಸೆತ. ಪಾರ್ 4ರಲ್ಲಿ 5 ಬಂದರೆ ಯಾರೂ ಸಾಯುವುದಿಲ್ಲ.

ನಿಲ್ಲಲು ದಾರಿಯೇ ಇಲ್ಲದಷ್ಟು ಕೆಟ್ಟ ಜಾಗವಾದರೆ, ಒಂದು ಎಸೆತದ ದಂಡ ಕಟ್ಟಿ ಹಿಂದಿನ ಜಾಗದಿಂದಲೇ ಮತ್ತೆ ಎಸೆಯಲು ನಿಯಮ ಅವಕಾಶ ಕೊಡುತ್ತದೆ.

ಕೊಂಬೆ, ಪೊದೆ, ಹಾವು

ಡಿಸ್ಕ್ ಮಾವಿನ ಕೊಂಬೆಯಲ್ಲಿ ಸಿಕ್ಕಿಕೊಂಡರೆ ಅದರ ನೇರ ಕೆಳಗೆ ನೆಲದಲ್ಲಿ ಗುರುತು ಹಾಕಿ ಅಲ್ಲಿಂದ ಎಸೆಯಿರಿ. ಎರಡು ಮೀಟರ್‌ಗಿಂತ ಮೇಲಿದ್ದರೆ ದಂಡ ಎಂಬ ನಿಯಮ ಒಂದಿದೆ, ಆದರೆ ಟೂರ್ನಿ ನಡೆಸುವವರು ಮೊದಲೇ ಹೇಳಿದ್ದರೆ ಮಾತ್ರ. ಇಳಿಸಿಕೊಳ್ಳಲು ಕಲ್ಲು ಹೊಡೆಯಬೇಡಿ. ಮಾವು ಕೀಳುವ ಬಲೆಯ ದೋಟಿ ಯಾಕಿದೆ?

ಎಸೆಯಲು ಅಡ್ಡ ಬರುತ್ತದೆ ಎಂದು ಜೀವಂತ ಕೊಂಬೆ ಮುರಿಯುವಂತಿಲ್ಲ, ಬಗ್ಗಿಸಿ ಹಿಡಿಯುವಂತಿಲ್ಲ. ಆದಷ್ಟು ಕಡಿಮೆ ಅಲುಗಿಸಿ ನಿಲ್ಲಬೇಕು. ಕಾಲ ಕೆಳಗಿನ ಒಣ ಕಡ್ಡಿ, ತರಗೆಲೆ ತೆಗೆಯಬಹುದು. ಕಳೆದ ಡಿಸ್ಕ್ ಹುಡುಕಲು 3 ನಿಮಿಷ. ಸಿಗದಿದ್ದರೆ ಒಂದು ದಂಡ, ಹಿಂದಿನ ಜಾಗದಿಂದ ಮತ್ತೆ ಎಸೆತ.

ಪೊದೆಗೆ ಮಾತ್ರ ಕೈ ಹಾಕಬೇಡಿ. ಒಂದು ಕೋಲು ಇಟ್ಟುಕೊಳ್ಳಿ. ತರಗೆಲೆಯಲ್ಲಿ ಮಲಗಿದ ಕೊಳಕುಮಂಡಲ ಕಣ್ಣಿಗೆ ಬೀಳುವುದೇ ಇಲ್ಲ. ಬೂಟು, ಪೂರ್ತಿ ಪ್ಯಾಂಟು ಹಾಕಿ. ಇನ್ನು, ಮೇಕೆ ಕಾಯುವವರು, ಸೌದೆಗೆ ಬಂದವರು ಮರದ ಮರೆಯಲ್ಲಿ ಇರಬಹುದು. ಎಸೆಯುವ ಮುಂಚೆ ಕೂಗಿ. ಗಾಲ್ಫಿನವರು ‘ಫೋರ್’ ಎಂದು ಕೂಗುತ್ತಾರೆ. ನಮ್ಮಲ್ಲಿ ಅದು ಯಾರಿಗೆ ಅರ್ಥವಾಗಬೇಕು? ನಾವು ‘ತಟ್ಟೆ ಬಂತೂ’ ಅಂತೀವಿ.

ಮೀಸಲು ಅರಣ್ಯದಲ್ಲಿ ಹೀಗೆ ಆಡಲು ಹೋಗಬೇಡಿ. ತೋಪಾದರೆ ಮಾಲೀಕರನ್ನು ಕೇಳಿ ಆಡಿ.

ಬುಟ್ಟಿಯ ಹತ್ತಿರ

10 ಮೀಟರ್ ಒಳಗೆ ಬಂದರೆ ನಿಯಮ ಸ್ವಲ್ಪ ಬಿಗಿ. ಎಸೆದ ಮೇಲೆ ಮುಂದಕ್ಕೆ ಬೀಳುವಂತಿಲ್ಲ, ನಿಂತಲ್ಲೇ ಹಿಡಿತ ತೋರಿಸಿ ಆಮೇಲೆ ಹೆಜ್ಜೆ ಇಡಬೇಕು. ಸರಪಳಿಯಲ್ಲಿ ಒಂದೇ ಒಂದು ಕೊಂಡಿ ಆರಿಸಿ ಅದನ್ನೇ ನೋಡಿ ಎಸೆಯಿರಿ. ಎದುರಿಗೆ ಬೊಡ್ಡೆ ಅಡ್ಡ ಇದ್ದರೆ ಒಂದು ಕಾಲು ಪಕ್ಕಕ್ಕೆ ಅಗಲ ಚಾಚಿ ಬಗ್ಗಿ ಎಸೆಯಬಹುದು. ಮಿಕ್ಕಿದ್ದು ಅಭ್ಯಾಸ.

12ನೇ ಹೋಲ್ ಆದ ಮೇಲೆ

ಉದ್ದದ ಕೋರ್ಸ್ ಎಂದರೆ ಮೂರು ಗಂಟೆಗೂ ಮೇಲೆ. 12ನೇ ಹೋಲ್ ದಾಟುವ ಹೊತ್ತಿಗೆ ಬೆರಳ ಹಿಡಿತ ಸಡಿಲವಾಗುತ್ತದೆ, ಡಿಸ್ಕ್ ಬೇಗ ಕೈಜಾರುತ್ತದೆ, ಬಲಗೈ ಬ್ಯಾಕ್‌ಹ್ಯಾಂಡ್ ಆದರೆ ಎಡಕ್ಕೆ ಹೋಗುತ್ತದೆ. ತಪ್ಪು ಕೈಯದಲ್ಲ, ಹೊಟ್ಟೆಯದು. ಎರಡು ಲೀಟರ್ ನೀರು, ಕಡಲೆಬೀಜದ ಚಿಕ್ಕಿ, ಸಾಧ್ಯವಾದರೆ ಮಜ್ಜಿಗೆ. ಕೈ ಒರೆಸಲು ಒಂದು ಟವೆಲ್, ಬೆಳಗಿನ ಇಬ್ಬನಿಗೆ ಡಿಸ್ಕ್ ಜಾರುತ್ತದೆ.

ಡಿಸ್ಕಿನ ತಳದಲ್ಲಿ ಮಾರ್ಕರ್‌ನಿಂದ ನಿಮ್ಮ ಫೋನ್ ನಂಬರ್ ಬರೆದಿಡಿ. ಕಳೆದ ಅಕ್ಟೋಬರ್‌ನಲ್ಲಿ ನೀಲಗಿರಿ ಸಾಲಿನಲ್ಲಿ ನನ್ನ ಕಿತ್ತಳೆ ಬಣ್ಣದ ಮಿಡ್‌ರೇಂಜ್ ಕಳೆದಿತ್ತು. ಮೂರು ವಾರ ಆದ ಮೇಲೆ ಮೇಕೆ ಕಾಯುವ ತಾತ ಒಬ್ಬರು ಫೋನ್ ಮಾಡಿ, ‘ನಿಮ್ಮ ತಟ್ಟೆ ನಮ್ಮ ಹತ್ರ ಐತೆ, ಮರಿಗೆ ನೀರು ಇಡಾಕೆ ಚೆನ್ನಾಗೈತೆ’ ಅಂದರು. ಹೋಗಿ ನೋಡಿದರೆ ಮರಿ ಅದರಲ್ಲಿ ಕುಡಿಯುತ್ತಿತ್ತು. ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಬೋಗುಣಿ ತಂದುಕೊಟ್ಟು ಡಿಸ್ಕ್ ಬಿಡಿಸಿಕೊಂಡು ಬಂದೆ. ಅಂಚು ಒಂದು ಕಡೆ ಕಚ್ಚಿದೆ. ಈಗ ಕೊನೆಯಲ್ಲಿ ಮೊದಲಿಗಿಂತ ಸ್ವಲ್ಪ ಕಡಿಮೆ ಎಡಕ್ಕೆ ತಿರುಗುತ್ತದೆ.