ಕೆಮ್ಮು-ಜ್ವರ ಅಂತ ಬಂದರೆ ನಾನು ಮೊದಲು ನೋಡೋದು ಶುಗರ್

ಆಳಂದ ಕಡೆ ಇರುವ ನನ್ನ ಕ್ಲಿನಿಕ್‌ನಲ್ಲಿ ಥರ್ಮಾಮೀಟರ್ ಪಕ್ಕದಲ್ಲೇ ಗ್ಲುಕೋಮೀಟರ್ ಇಟ್ಟಿದ್ದೇನೆ. ನಲವತ್ತು ದಾಟಿದವರು ಕೆಮ್ಮು, ಜ್ವರ ಅಂತ ಬಂದರೆ ಬೆರಳು ಚುಚ್ಚಿ ಶುಗರ್ ನೋಡಿಯೇ ಮುಂದಿನ ಮಾತು. ಇದು ಕೋವಿಡ್ ಕಲಿಸಿದ್ದು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯಲ್ಲೇ ಆಯಿತು. ಆಮೇಲೆ ನನ್ನ ಕಣ್ಣೆದುರು ಉಸಿರಿಗೆ ಒದ್ದಾಡಿದವರಲ್ಲಿ ಶುಗರ್ ಇದ್ದವರೇ ಜಾಸ್ತಿ.

ಕಳೆದ ಮಳೆಗಾಲದಲ್ಲಿ ಒಬ್ಬ ಕಾಕಾ ಬಂದಿದ್ದರು. "ಬಾಯಿ ಕೆಟ್ಟದ, ರೊಟ್ಟಿ ಒಳಗ ಹೋಗವಲ್ದು. ಊಟಾನೇ ಇಲ್ಲಂದ್ರ ಇನ್ಸುಲಿನ್ ಯಾಕ್ರೀ ಸಾಹೇಬ್ರ, ಬಿಟ್ಟೀನಿ" ಅಂದರು. ನಾಲಿಗೆ ಒಣಗಿ ಮಾತೇ ಅಂಟುತ್ತಿತ್ತು. ಮೀಟರ್‌ನಲ್ಲಿ 386. ಪಕ್ಕದಲ್ಲಿದ್ದ ಮಗನಿಗೆ ನಂಬಿಕೆಯೇ ಬರಲಿಲ್ಲ.

ತಿನ್ನದಿದ್ದರೂ ಏರುತ್ತದೆ. ಸೋಂಕು ತಗುಲಿದಾಗ ಮೈಯಲ್ಲಿ ಕಾರ್ಟಿಸೋಲ್, ಅಡ್ರಿನಲಿನ್ ಎಂಬ ಒತ್ತಡದ ಹಾರ್ಮೋನುಗಳು ಹೆಚ್ಚುತ್ತವೆ. ಲಿವರ್ ತನ್ನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ ಮಾತು ನಡೆಯುವುದಿಲ್ಲ. ಸಕ್ಕರೆ ಏರಿದಷ್ಟೂ ಬಿಳಿ ರಕ್ತಕಣಗಳು ಸೋತು ಹೋಗುತ್ತವೆ. ವೈರಸ್ ಬೆನ್ನಿಗೇ ಬ್ಯಾಕ್ಟೀರಿಯಾ ನ್ಯುಮೋನಿಯಾ ಬರೋದು ಇಂಥವರಿಗೇ ಜಾಸ್ತಿ.

ಆ ಕಾಕಾ ಅವರ ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ಹುಟ್ಟುವ ಆಮ್ಲ) ಇದೆಯಾ ಅಂತ ನೋಡಿದೆ, ಇರಲಿಲ್ಲ. ಸಲೈನ್ ಹಾಕಿ, ಇನ್ಸುಲಿನ್ ಮತ್ತೆ ಶುರು ಮಾಡಿ, ಮಗನ ಕೈಗೆ ಚೀಟಿ ಬರೆದುಕೊಟ್ಟೆ. ಇನ್ಸುಲಿನ್ ನೀವಾಗಿಯೇ ನಿಲ್ಲಿಸಬೇಡಿ. ನಾಲ್ಕು ತಾಸಿಗೊಮ್ಮೆ ಶುಗರ್ ನೋಡಿ. ರೊಟ್ಟಿ ಬೇಡವಾದರೆ ಜೋಳದ ಅಂಬಲಿ, ಮಜ್ಜಿಗೆ ಕೊಡಿ. ವಾಂತಿ ಆದರೆ, ಉಸಿರು ಕಟ್ಟಿದರೆ ಕೂಡಲೇ ಕರೆದುಕೊಂಡು ಬನ್ನಿ. ವಾಂತಿಯಾಗಿ ನೀರು ಕಡಿಮೆಯಾದವರಿಗೆ ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ಎಂಬ ಶುಗರ್ ಗುಳಿಗೆಗಳನ್ನು ನಾನೇ ನಿಲ್ಲಿಸುತ್ತೇನೆ. ಡಪಾಗ್ಲಿಫ್ಲೋಜಿನ್ ಇದ್ದಾಗ ಮೀಟರ್ ಸುಮಾರಾಗಿ ತೋರಿಸಿದರೂ ಒಳಗೆ ಕೀಟೋನ್ ಏರಿರಬಹುದು.

ನನಗೆ ನಿಜವಾಗಿ ಸಿಟ್ಟು ಬರೋದು ಸುಮ್ನೆ ಕೆಮ್ಮಿಗೂ ಅಂಗಡಿಯಲ್ಲಿ ಸ್ಟೀರಾಯ್ಡ್ ಗುಳಿಗೆ ಕೊಡೋದನ್ನು ಕಂಡಾಗ. ಆಕ್ಸಿಜನ್ ಬೇಕಾದ ಕೋವಿಡ್ ರೋಗಿಗಳ ಜೀವವನ್ನು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಉಳಿಸಿತು, ಅದು ಖರೆ. ಆದರೆ ಅದೇ ಶುಗರ್ ಏರಿಸುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರದಿಂದ ಕಣ್ಣು ಕಳೆದುಕೊಂಡವರಲ್ಲಿ ಹೆಚ್ಚಿನವರಿಗೆ ಶುಗರ್ ಇತ್ತು, ಅವರಲ್ಲಿ ತುಂಬ ಜನ ಸ್ಟೀರಾಯ್ಡ್ ತಗೊಂಡಿದ್ದರು. ಈ ಗುಳಿಗೆ ಬೆಳಗ್ಗೆ ತಗೊಂಡರೆ ಏರೋದು ಮಧ್ಯಾಹ್ನ, ಸಂಜೆ. ಖಾಲಿ ಹೊಟ್ಟೆಯ ಶುಗರ್ ಮಾತ್ರ ನೋಡಿದರೆ ಸಿಕ್ಕುವುದಿಲ್ಲ, ಸಂಜೆಯೂ ಬೆರಳು ಚುಚ್ಚಿ ನೋಡಬೇಕು.

ಜ್ವರದಲ್ಲೇ ಮೊದಲ ಸಲ ಶುಗರ್ ಸಿಕ್ಕವರಿಗೆ ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆ ಮಾಡಿಸುತ್ತೇನೆ. ಅದು ಸುಮಾರು ಮೂರು ತಿಂಗಳ ಲೆಕ್ಕ ಕೊಡುತ್ತದೆ, ಹಳೇ ಶುಗರೋ ಜ್ವರದ ಏರಿಕೆಯೋ ತಿಳಿಯುತ್ತದೆ. ಈಗ ಶುಗರ್ ಇರುವ ಎಲ್ಲರಿಗೂ ಮಳೆಗಾಲದ ಮುಂಚೆಯೇ ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಅಂತ ಹೇಳುತ್ತಿದ್ದೇನೆ. ಅದನ್ನು ವರ್ಷಾ ವರ್ಷಾ ಹಾಕಿಸಬೇಕು.