ನೀರು ಕುಡಿದ ಜೆಟ್ ಸ್ಕೀಯನ್ನು ಎಬ್ಬಿಸಿದ್ದು

"ನಾನು ಬರೋತನಕ ಜೆಟ್ ಸ್ಕೀ ನೀರಲ್ಲೇ ಇರ್ಲಿ ಸಾರ್. ಹಗ್ಗ ಹಾಕಿ ದಡಕ್ಕೆ ಕಟ್ಟಿ, ಮೇಲೆ ಎಳೀಬೇಡಿ. ಸ್ಟಾರ್ಟ್ ಬಟನ್ ಅಂತೂ ಮುಟ್ಟಲೇಬೇಡಿ."

ಫೋನ್ ಮಾಡಿದವರು ಕೊಡಗಿನ ಸಿದ್ದಾಪುರದ ಆಚೆ ತೋಟ ಇರುವ ಪ್ಲಾಂಟರ್. ಮುಳುಗಿದ್ದು ಅವರ ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡುವ ಸ್ಕೂಟರ್. "ಎಂಥ ಮಾರಾಯ, ಮುಳುಗಿದ್ದನ್ನು ಎತ್ತಬೇಡ ಅಂತೀಯಲ್ಲ" ಎಂದು ಸ್ವಲ್ಪ ಗರಂ ಆದರು. ಆದರೆ ವಿಷಯ ಇರುವುದೇ ಅಲ್ಲಿ. ಎಂಜಿನ್ ಪೂರ್ತಿ ನೀರೊಳಗೆ ಇರುವಷ್ಟು ಹೊತ್ತು ಕಬ್ಬಿಣಕ್ಕೆ ಗಾಳಿ ಸಿಗುವುದು ಕಡಿಮೆ. ಎತ್ತಿ ದಡಕ್ಕೆ ಹಾಕಿದಿರೋ, ಒಳಗೆ ಅರ್ಧ ನೀರು, ಅರ್ಧ ಗಾಳಿ. ಎಂಜಿನ್ನಿನೊಳಗೆ ತಿರುಗುವ ದಂಡವಾದ ಕ್ರ್ಯಾಂಕಿನ ಬೇರಿಂಗುಗಳಿಗೆ ತುಕ್ಕು ಹತ್ತಲು ಶುರು. ಮಳೆಗಾಲದಲ್ಲಿ ಬೀರುವಿನೊಳಗಿನ ಬೆಲ್ಟಿಗೂ ಬೂಸ್ಟು ಹಿಡಿಯುವ ನಮ್ಮೂರ ಹವೆಗೆ ಒಂದು ರಾತ್ರಿ ಧಾರಾಳ ಸಾಕು. ಎತ್ತುವುದಾದರೆ, ಆವತ್ತೇ ಬಿಚ್ಚಿ ಮುಗಿಸುವ ತಯಾರಿ ಇಟ್ಟುಕೊಂಡೇ ಎತ್ತಬೇಕು.

ನಾನು ಜೆಟ್ ಸ್ಕೀ ಮೆಕ್ಯಾನಿಕ್ ಅಲ್ಲ. ಕೊಡಗಿನಲ್ಲಿ ಅದನ್ನೇ ನಂಬಿ ಕೂತರೆ ಊಟಕ್ಕೆ ಗತಿ ಇರಲ್ಲ. ನನ್ನದು ಪಂಪ್‌ಸೆಟ್ಟು, ಕಳೆ ಕತ್ತರಿಸುವ ಮೆಷಿನ್ನು, ಮರ ಕುಯ್ಯುವ ಚೈನ್‌ಸಾ, ಜೊತೆಗೆ ಹಳೇ ಆರ್‌ಎಕ್ಸ್ ಹಂಡ್ರೆಡ್ ಬೈಕುಗಳು. ಆದರೆ ಇವರ ಬಳಿ ಇದ್ದದ್ದು ನಿಂತುಕೊಂಡು ಓಡಿಸುವ ಯಮಹಾ ಸೂಪರ್‌ಜೆಟ್, 701 ಸಿಸಿಯ ಹಳೇ ಟೂ ಸ್ಟ್ರೋಕು, ಎರಡು ಸಿಲಿಂಡರು. ಕರಾವಳಿ ಕಡೆಯಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದು, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ಕಾಫಿಗೆ ನೀರು ಹಾಯಿಸಲು ತೋಡಿಸಿದ್ದ ತೋಟದ ಕೆರೆಯಲ್ಲೇ ಓಡಿಸುತ್ತಿದ್ದರು. ಮರ ಕುಯ್ಯುವ ಮೆಷಿನ್ನು, ಆ ಹಳೇ ಬೈಕುಗಳ ಹಾಗೇ ಟೂ ಸ್ಟ್ರೋಕ್ ಅಂದಮೇಲೆ ನನಗೆ ಪರಿಚಯದ ಮುಖವೇ.

ನಾನು ಹೋದಾಗ ಅದು ತಳ ಸೇರಿರಲಿಲ್ಲ. ಅದರ ದೋಣಿಯಂಥ ಒಡಲಿನ ಒಳಗೆ ಫೋಮ್ ತುಂಬಿರುತ್ತಾರೆ, ಹಾಗಾಗಿ ಎಂಜಿನ್ ಕೋಣೆ ತುಂಬಿದರೂ ಮೂತಿ ಕಾಣುವಷ್ಟು ತೇಲುತ್ತಿತ್ತು. ನೀರು ತುಂಬಿದ ಒಡಲನ್ನು ಹಾಗೇ ಎಳೆದರೆ ಭಾರಕ್ಕೆ ಏನಾದರೂ ಸೀಳುತ್ತದೆ. ಮೊದಲು ಬಕೆಟ್ಟಿನಲ್ಲಿ ಮೊಗೆದು, ಉಳಿದದ್ದನ್ನು ನಿಧಾನಕ್ಕೆ ಬಸಿದೆವು. ಮಗುಚುವಾಗ ಇನ್ನೊಂದು ಎಚ್ಚರ ಬೇಕು. ಎಕ್ಸಾಸ್ಟ್ ದಾರಿಯಲ್ಲಿ ಸದಾ ಸ್ವಲ್ಪ ನೀರು ಇರುವ ಒಂದು ಡಬ್ಬಿ ಇದೆ. ತಪ್ಪು ದಿಕ್ಕಿಗೆ ಹೊರಳಿಸಿದರೆ ಆ ನೀರು ನೇರ ಸಿಲಿಂಡರಿಗೆ ಇಳಿಯುತ್ತದೆ. ಯಾವ ದಿಕ್ಕು ಅಂತ ಹಿಂದುಗಡೆ ಸ್ಟಿಕರಿನಲ್ಲೇ ಬಾಣದ ಗುರುತು ಹಾಕಿರುತ್ತಾರೆ, ಯಾರೂ ನೋಡಲ್ಲ ಅಷ್ಟೆ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ ಬ್ಯಾಟರಿಯನ್ನೇ ಹೊರಗೆ ತೆಗೆದೆ, ಪೆಟ್ರೋಲ್ ಕಾಕ್ ಮುಚ್ಚಿದೆ, ಆಮೇಲೆ ಎರಡೂ ಸ್ಪಾರ್ಕ್ ಪ್ಲಗ್ಗು ಕಳಚಿದೆ. ಪ್ಲಗ್ಗು ಕಳಚದೆ ಸೆಲ್ಫ್ ಹೊಡೆದರೆ ಏನಾಗುತ್ತದೆ ಅಂತ ಜನಕ್ಕೆ ಅಂದಾಜಿಲ್ಲ. ಗಾಳಿಯಾದರೆ ಪಿಸ್ಟನ್ ಒತ್ತಿದ ಹಾಗೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಮೇಲೆ ಬರುತ್ತಿರುವ ಪಿಸ್ಟನ್ ಗೋಡೆಗೆ ಹೊಡೆದ ಹಾಗೆ ನಿಂತು ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಿಂದ ಕೆಟ್ಟ ಎಂಜಿನ್ನುಗಳಿಗಿಂತ ಈ ಬಟನ್ನಿನಿಂದ ಕೆಟ್ಟವೇ ಜಾಸ್ತಿ ಅನ್ನುವುದು ನನ್ನ ಲೆಕ್ಕ.

ಗೋಣಿಚೀಲ, ಹಳೇ ಟೈರು ಹಾಸಿ ಸ್ಕೀಯನ್ನು ಬೋರಲು ಹಾಕಿದೆವು. ಪ್ಲಗ್ ವೈರುಗಳನ್ನು ತೂತಿನಿಂದ ದೂರ ಎಳೆದು ಅರ್ತ್ ಮಾಡಿದ್ದೆ, ಕೈಗೆ ಕಟ್ಟಿಕೊಳ್ಳುವ ಕಿಲ್ ಸ್ವಿಚ್ಚಿನ ದಾರವನ್ನೂ ತೆಗೆದಿಟ್ಟಿದ್ದೆ. ತೂತಿನಿಂದ ಬರುವುದು ಬರೀ ನೀರಲ್ಲ, ಪೆಟ್ರೋಲೂ ಇರುತ್ತದೆ. ಒಂದು ಕಿಡಿ ಹಾರಿದರೆ ಕೆಲಸ ಕೆಟ್ಟಿತು. ಪಿಕಪ್ಪಿನ ಬ್ಯಾಟರಿಯಿಂದ ಜಂಪರ್ ವೈರು ಎಳೆದು ಸ್ಟಾರ್ಟರಿಗೆ ಕೊಟ್ಟು, ಸ್ವಲ್ಪ ತಿರುಗಿಸುವುದು, ನಿಲ್ಲಿಸುವುದು. ನೀರು ಮಾರುದ್ದ ಚಿಮ್ಮಿತು. ಎದುರು ನಿಂತು ಬಗ್ಗಿ ನೋಡುತ್ತಿದ್ದ ಹುಡುಗನಿಗೆ ಬೈದು ಹಿಂದೆ ಕಳಿಸಬೇಕಾಯಿತು.

ಚಿಮ್ಮುವುದು ನಿಂತಿತು ಅಂದರೆ ಒಣಗಿತು ಅಂತಲ್ಲ. ಟೂ ಸ್ಟ್ರೋಕಿನಲ್ಲಿ ಗಾಳಿ, ಪೆಟ್ರೋಲು ಕ್ರ್ಯಾಂಕ್ ಕೂತಿರುವ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸಿನ ಮೂಲಕವೇ ಹೋಗಬೇಕು, ಒಂದೊಂದು ಸಿಲಿಂಡರಿಗೂ ಕೆಳಗೆ ಬೇರೆ ಬೇರೆ ಕೋಣೆ. ಉಳಿದ ನೀರು ಅಲ್ಲಿ ಅಡಗಿ ಕೂರುತ್ತದೆ. ಹಾರ್ಡ್‌ವೇರ್ ಅಂಗಡಿಯ ಪಾಲಿಶ್ ಸ್ಪಿರಿಟ್ ಇದಕ್ಕೆ ಒಳ್ಳೆಯದು. ಪೆಟ್ರೋಲು ನೀರಿನ ಜೊತೆ ಬೆರೆಯಲ್ಲ, ಸ್ಪಿರಿಟ್ ಬೆರೆತು ಎಳೆದುಕೊಂಡು ಬರುತ್ತದೆ. ಪ್ಲಗ್ ತೂತಿಗೂ ಕಾರ್ಬುರೇಟರ್ ಬಾಯಿಗೂ ಸ್ವಲ್ಪ ಸುರಿದು ಕೈಯಲ್ಲೇ ತಿರುಗಿಸಿ, ಮತ್ತೆ ಬೋರಲು ಹಾಕಿ ಹೊರಗೆ ಹಾಕಿಸಿದೆ. ಆದರೆ ಸ್ಪಿರಿಟ್ ಇದ್ದ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಅದಾದ ಕೂಡಲೇ ಟೂ ಟಿ ಆಯಿಲ್ (ಟೂ ಸ್ಟ್ರೋಕಿಗೆ ಪೆಟ್ರೋಲಿನಲ್ಲೇ ಕಲಸುವ ಎಣ್ಣೆ) ಬಿಡದಿದ್ದರೆ ಒಳ್ಳೆಯದು ಮಾಡಲು ಹೋಗಿ ಕೆಟ್ಟದ್ದು ಮಾಡಿದ ಹಾಗೆ.

2019ರ ಆಗಸ್ಟ್ ನೆರೆಯಲ್ಲಿ ಕಾವೇರಿ ಕರಡಿಗೋಡಿಗೂ ಕುಶಾಲನಗರದ ಬಡಾವಣೆಗಳಿಗೂ ನುಗ್ಗಿದಾಗ ಬಿಚ್ಚಿದ ಡೀಸೆಲ್ ಪಂಪ್‌ಸೆಟ್ಟುಗಳ ಕತೆ ಬೇರೆ. ಫೋರ್ ಸ್ಟ್ರೋಕಿನಲ್ಲಿ ಎಂಜಿನ್ ತಳದ ಆಯಿಲ್ ತೊಟ್ಟಿಗೇ ನೀರು ಸೇರಿ, ಆಯಿಲ್ಲು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ತಿಳಿಯಾಗುವತನಕ ಆಯಿಲ್, ಫಿಲ್ಟರು ಬದಲಾಯಿಸುತ್ತಲೇ ಇರಬೇಕು. 2021ರಿಂದ ಬಂದ ಸೂಪರ್‌ಜೆಟ್ಟೂ ಮೂರು ಸಿಲಿಂಡರಿನ ಫೋರ್ ಸ್ಟ್ರೋಕೇ, ಅದು ಮುಳುಗಿದರೆ ಈ ದಾರಿ ಹಿಡಿಯಬೇಕು.

ಕಾರ್ಬುರೇಟರ್ ಬಿಚ್ಚುವಾಗ ನನಗೆ ನಗು ಬಂತು. ಜೆಟ್ ಸ್ಕೀ ತಲೆಕೆಳಗಾದರೂ ಪೆಟ್ರೋಲು ಚೆಲ್ಲಬಾರದು ಅಂತ ಇದರಲ್ಲಿ ಬೈಕಿನ ಹಾಗೆ ಪೆಟ್ರೋಲು ನಿಲ್ಲುವ ಫ್ಲೋಟ್ ಬಟ್ಟಲು ಇಲ್ಲ, ಡಯಾಫ್ರಾಮ್ ಅನ್ನುವ ತೆಳು ರಬ್ಬರ್ ಪರದೆ ಇದೆ. ತೋಟದ ಚೈನ್‌ಸಾ, ಕಳೆ ಮೆಷಿನ್ನುಗಳಲ್ಲಿ ಇರುವುದೂ ಇದೇ ಜಾತಿ, ಇದು ಗಾತ್ರದಲ್ಲಿ ದೊಡ್ಡದು ಅಷ್ಟೆ. ಕ್ರ್ಯಾಂಕ್‌ಕೇಸಿನ ಒತ್ತಡ ಏರಿಳಿಯುವುದನ್ನು ಒಂದು ಸಣ್ಣ ಪೈಪು ಪೆಟ್ರೋಲ್ ಪಂಪಿಗೆ ಮುಟ್ಟಿಸುತ್ತದೆ, ಆ ಬಡಿತಕ್ಕೆ ಡಯಾಫ್ರಾಮ್ ಆಡಿ ಪೆಟ್ರೋಲು ಎಳೆಯುತ್ತದೆ. ಆ ಪೈಪಿನಲ್ಲಿ ನೀರು ನಿಂತರೆ ಬಡಿತ ಮುಟ್ಟುವುದಿಲ್ಲ. ಸ್ಪಾರ್ಕ್ ಚೆನ್ನಾಗಿದೆ, ಒಂದೆರಡು ಸಲ ಹತ್ತಿಕೊಂಡು ಆರಿಹೋಗುತ್ತದೆ ಅನ್ನುವವರು ಮೊದಲು ನೋಡಬೇಕಾದ್ದು ಈ ಪೈಪನ್ನು, ಆಮೇಲೆ ಒಳಗಿನ ಪುಟ್ಟ ಜಾಲರಿಯನ್ನು. ನಮ್ಮ ಕೆರೆಯ ಕೆಂಪು ಗೋಡು ಆ ಜಾಲರಿಗೆ ಮೆತ್ತಿಕೊಂಡಿತ್ತು.

ಟ್ಯಾಂಕಿನ ಪೆಟ್ರೋಲು ಪೂರ್ತಿ ತೆಗೆದೆ. ಸಾರ್‌ಗೆ ಹೊಟ್ಟೆ ಉರಿಯಿತು, "ಮೇಲಿಂದ ತೆಗೆದು ಬಳಸಬಹುದಲ್ವಾ" ಅಂದರು. ಬಿಳಿ ಬಾಟಲಿಗೆ ಹಿಡಿದು ತೋರಿಸಿದೆ, ತಳದಲ್ಲಿ ಬೇರೆ ಪದರ ಸ್ಪಷ್ಟವಾಗಿ ಕಾಣುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ನೀರು ಹೆಚ್ಚಾದರೆ ಆ ಎಥನಾಲ್ ನೀರಿನ ಕಡೆ ಸೇರಿ ಕೆಳಗಿಳಿಯುತ್ತದೆ, ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್, ಅಂದರೆ ಹೊತ್ತಿಗೆ ಮೊದಲೇ ಹತ್ತಿಕೊಳ್ಳದ ಗುಣ, ಇಳಿಯುತ್ತದೆ. ಕೆಳಗಿನ ಪದರ ಎಂಜಿನ್ನಿಗೆ ಹೋದರೆ ಅದರಲ್ಲಿ ಆಯಿಲ್ಲೂ ಇರುವುದಿಲ್ಲ, ಪಿಸ್ಟನ್ ಕಚ್ಚಿಕೊಂಡು ನಿಲ್ಲುತ್ತದೆ. ಹೊಸ ಪೆಟ್ರೋಲಿಗೆ ಲೀಟರಿಗೆ 20 ಮಿಲಿ ಟೂ ಟಿ ಆಯಿಲ್ ಕಲಸಿ ಹಾಕಿದೆ.

ಕರೆಂಟಿನ ಭಾಗ ನಾನು ಹೆದರಿದಷ್ಟು ಇರಲಿಲ್ಲ. ಪ್ಲಗ್ಗಿಗೆ ಕಿಡಿ ಕೊಡುವ ಸಿಡಿಐ ಇರುವ ಡಬ್ಬಿಗೆ ರಬ್ಬರ್ ಸೀಲ್ ಇದೆ, ತೆರೆದು ನೋಡಿದರೆ ಸ್ವಲ್ಪ ತೇವ ಮಾತ್ರ. ಮನೆಯ ಅಮ್ಮಾವ್ರು ಕೂದಲು ಒಣಗಿಸುವ ಡ್ರೈಯರ್ ಕೊಟ್ಟರು. ಮುಂದಿನ ಫ್ಲೈವೀಲ್ ಕವರ್ ಬಿಚ್ಚಲು ಬಹಳ ಜನ ಸೋಮಾರಿತನ ಮಾಡುತ್ತಾರೆ. ಅದರೊಳಗೂ ನೀರು ನಿಂತಿತ್ತು. ಹಾಗೇ ಬಿಟ್ಟಿದ್ದರೆ ಸ್ಟಾರ್ಟರಿನ ಹಲ್ಲುಚಕ್ರ ತುಕ್ಕಿಗೆ ಕಚ್ಚಿಕೊಳ್ಳುತ್ತಿತ್ತು.

ಹೊಸ ಪ್ಲಗ್ಗು ಹಾಕಿ ದಡದಲ್ಲೇ ಸ್ಟಾರ್ಟ್ ಮಾಡಿದೆ. ಇದರ ಎಂಜಿನ್ ತಣ್ಣಗಾಗುವುದು ಕೆರೆಯ ನೀರಿನಿಂದಲೇ, ನೀರಿಲ್ಲದೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಓಡಿಸಬಾರದು. ಆ ಮೇಲೆ ತಣ್ಣಗಿಡಲು ನಲ್ಲಿಯಿಂದ ಹೋಸ್ ಪೈಪು. ಮೊದಲು ಎಂಜಿನ್, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ, ಆಮೇಲೆ ಎಂಜಿನ್. ತಿರುವು ಮುರುವು ಮಾಡಿದರೆ ನಾವೇ ಮತ್ತೆ ಸಿಲಿಂಡರಿಗೆ ನೀರು ತುಂಬಿಸಿದ ಹಾಗಾಗುತ್ತದೆ. ಬಿಳಿ ಹೊಗೆ ಕಕ್ಕಿ, ಕೆಮ್ಮಿ, ಒಂದು ಸಿಲಿಂಡರಿನಲ್ಲಿ ಕುಂಟಿ, ಎರಡನೆಯದೂ ಹಿಡಿಯಿತು.

ಮುಳುಗಿದ್ದು ಯಾಕೆ ಅನ್ನುವುದೂ ಆಗಲೇ ಗೊತ್ತಾಯಿತು. ನಲ್ಲಿ ತಿರುಗಿಸಿದ ಕೂಡಲೇ ಎಕ್ಸಾಸ್ಟ್ ಕೆಳಗಿನ ಕೂಲಿಂಗ್ ಪೈಪು ಕ್ಲಾಂಪಿನ ಬುಡದಲ್ಲಿ ಸೀಳಿದ್ದು ಕಂಡಿತು. ಸ್ಕೀ ಓಡಿದಷ್ಟೂ ಹೊತ್ತು ತಾನೇ ಕೆರೆಯನ್ನು ಒಳಗೆ ತುಂಬಿಕೊಳ್ಳುತ್ತಿತ್ತು. ಎಂಜಿನ್ ಮುಚ್ಚಳದ ರಬ್ಬರು ಹಳೆಯದಾಗಿದೆ ಅಂತ ಸಾರ್ ಅದಕ್ಕೇ ಮಯಣ ಮೆತ್ತಿದ್ದರು, ಪಾಪ. ಹೊಸ ಪೈಪು, ತುಕ್ಕು ಹಿಡಿಯದ ಸ್ಟೀಲ್ ಕ್ಲಾಂಪು ಹಾಕಿ ಅವತ್ತು ಸಂಜೆಯೇ ಕೆರೆಗಿಳಿಸಿ ಅರ್ಧ ಗಂಟೆ ಓಡಿಸಲು ಹೇಳಿದೆ. ಬೇರಿಂಗಿನ ಸಂದಿಯ ತೇವ ಹೋಗಬೇಕಾದರೆ ಎಂಜಿನ್ ಕಾಯಲೇಬೇಕು. ಮರಳಿ ಬಂದ ಮೇಲೆ ಪ್ಲಗ್ ಬಿಚ್ಚಿ ಎರಡೂ ಸಿಲಿಂಡರಿಗೆ ಒಂದಿಷ್ಟು ಆಯಿಲ್ ಬಿಟ್ಟು, ಕೈಯಲ್ಲಿ ತಿರುಗಿಸಿ ಮುಚ್ಚಿದೆ. ಕ್ರ್ಯಾಂಕ್ ಗರಗರ ಅನ್ನುವ ಸದ್ದು ಬಂದರೆ ಓಡಿಸದೆ ಫೋನ್ ಮಾಡಿ ಅಂತ ಹೇಳಿ ಬಂದಿದ್ದೇನೆ.