ಅಲಿಸಮ್‌ಗೆ ಕತ್ತರಿ ಹಾಕಿದ ಕಥೆ

ಮೈಸೂರಿನ ನಮ್ಮ ಮನೆಯಂಗಳದ ಗುಲಾಬಿ ಪಾತಿ ಮೇಲೆ ನೋಡಿದರೆ ಚೆಂದ, ಬುಡ ನೋಡಿದರೆ ಬೋಳು. ಆ ಬೋಳು ನೆಲ ಮುಚ್ಚಲು ಸ್ವೀಟ್ ಅಲಿಸಮ್ ಬೀಜದ ಪೊಟ್ಟಣ ತಂದೆ. ಗೇಣುದ್ದ ಮೀರದ, ಹರಡಿಕೊಂಡು ಬೆಳೆಯುವ, ಜೇನಿನ ಪರಿಮಳದ ಪುಟ್ಟ ಹೂಗಳ ಗಿಡ ಇದು.

ಮೊದಲ ವರ್ಷ ಎಲ್ಲವನ್ನೂ ಅತಿಯಾಗಿ ಮಾಡಿದೆ. ಪಾತಿಗೆ ಕೊಟ್ಟಿಗೆ ಗೊಬ್ಬರ ಸುರಿದೆ, ಬೀಜವನ್ನು ಒಂದು ಅಂಗುಲ ಆಳಕ್ಕೆ ಹಾಕಿ ಎರಡು ಹೊತ್ತೂ ನೀರು ಹೊಯ್ದೆ. ಮೊಳೆತದ್ದೇ ಕಡಿಮೆ. ಮೊಳೆತವುಗಳಲ್ಲಿ ಅರ್ಧ ಬುಡ ಕೊಳೆತು ಮಲಗಿದವು. ಉಳಿದವು ಸೊಪ್ಪಿನ ಮಡಿಯಂತೆ ಹಸಿರಾಗಿ ಕೊಬ್ಬಿದವೇ ಹೊರತು ಹೂ ಬಿಡುವ ಯೋಚನೆಯನ್ನೇ ಮಾಡಲಿಲ್ಲ.

ಮರುವರ್ಷ ಅಕ್ಟೋಬರ್ ಕೊನೆಗೆ, ಮಳೆ ಹಿಂದೆಗೆದ ಮೇಲೆ ಬಿತ್ತಿದೆ. ಎಳ್ಳಿಗಿಂತ ಚಿಕ್ಕ ಬೀಜ. ಒಣ ಮರಳಿನಲ್ಲಿ ಬೆರೆಸಿ ಮಣ್ಣಿನ ಮೇಲೆ ಉದುರಿಸಿ ಅಂಗೈಯಿಂದ ಒತ್ತಿದೆ, ಅಷ್ಟೆ. ಬೆಳಕು ಬಿದ್ದರೆ ಚೆನ್ನಾಗಿ ಮೊಳೆಯುವ ಬೀಜವಾದ್ದರಿಂದ ಮೇಲೆ ಮಣ್ಣು ಮುಚ್ಚಲಿಲ್ಲ. ಬಟ್ಟೆ ಇಸ್ತ್ರಿಗೆ ಬಳಸುವ ನೀರಿನ ಸ್ಪ್ರೇಯಿಂದ ತೇವ ಮಾಡುತ್ತಿದ್ದೆ. ವಾರದಲ್ಲಿ ಮೊಳಕೆ ಬಂದವು. ಗೇಣಿಗೊಂದು ಸಸಿ ಉಳಿಸಿ ಮಿಕ್ಕವನ್ನು ಕಿತ್ತೆ. ಕೀಳುವಾಗ ಕೈ ತಡೆಯುತ್ತದೆ, ಆದರೂ ಕೀಳಬೇಕು.

ಡಿಸೆಂಬರ್ ಹೊತ್ತಿಗೆ ಪಾತಿ ಬೆಳ್ಳಗಾಯಿತು. ಬೆಳಿಗ್ಗೆ ಹತ್ತರ ಬಿಸಿಲು ಬಿದ್ದರೆ ಗೇಟಿನವರೆಗೂ ಘಮ. ನೇರಳೆ ಬಣ್ಣದ್ದನ್ನೂ ಬಿತ್ತಿದ್ದೆ. ನೋಡಲು ಅಂದ, ಆದರೆ ನನ್ನ ಮೂಗಿಗೆ ಬಿಳಿಯದೇ ಮೇಲು. ಅಮ್ಮನಿಗೆ ಮಾತ್ರ ಸಮಾಧಾನವಿಲ್ಲ: "ಕಟ್ಟುವುದಕ್ಕೂ ಬಾರದ, ಮುಡಿಯುವುದಕ್ಕೂ ಬಾರದ ಹೂವು ಅದೆಂಥದೋ!"

ಜನವರಿ ನಡುವಿಗೆ ಕಡ್ಡಿಗಳು ಉದ್ದವಾಗಿ ಬಾಗಿದವು. ಹತ್ತಿರದಿಂದ ನೋಡಿದೆ: ತುದಿಯಲ್ಲಷ್ಟೇ ಹೂವಿನ ಗೊಂಚಲು, ಕೆಳಗೆ ಉದ್ದಕ್ಕೂ ಚಪ್ಪಟೆಯಾದ ಪುಟಾಣಿ ಕಾಯಿಗಳು. ಗಿಡದ ಶಕ್ತಿಯೆಲ್ಲ ಬೀಜಕ್ಕೆ ಹೋಗುತ್ತಿತ್ತು. ಕ್ಷೌರಿಕನ ಹಾಗೆ ಒಂದೊಂದು ಹಿಡಿ ಹಿಡಿದು ಅರ್ಧಕ್ಕೆ ಕತ್ತರಿಸಿದೆ. "ಹೂವಿರುವ ಗಿಡಕ್ಕೆ ಕತ್ತರಿ ಹಾಕುತ್ತೀಯೇನೋ" ಎಂದು ಅಮ್ಮ ರೇಗಿದರು. ಮೂರು ದಿನ ಪಾತಿ ನೋಡಲಾಗದಂತಿತ್ತು. ಮೂರು ವಾರಕ್ಕೆ ಮತ್ತೆ ತುಂಬಿಕೊಂಡಿತು. ಹೀಗೆ ಎರಡು ಸಲ ಕತ್ತರಿಸಿ ಮಾರ್ಚ್‌ವರೆಗೂ ಹೂ ಪಡೆದೆ.

ಕುಂಡದಲ್ಲಿ ಲೆಕ್ಕ ಬೇರೆ. ಎಂಟಂಗುಲದ ಮಣ್ಣಿನ ಕುಂಡಕ್ಕೆ ಮೂರು ಸಸಿ ಸಾಕು. ಮಣ್ಣಿಗೆ ಕಾಲು ಭಾಗ ಮರಳು, ಒಂದು ಹಿಡಿ ಎರೆಗೊಬ್ಬರ. ಬೆರಳು ಅದ್ದಿ ನೋಡಿ, ಮೇಲ್ಮಣ್ಣು ಒಣಗಿದ್ದರಷ್ಟೇ ನೀರು. ಫೆಬ್ರವರಿ ಕಳೆದ ಮೇಲೆ ಕುಂಡಗಳನ್ನು ಬೆಳಗಿನ ಬಿಸಿಲು ಮಾತ್ರ ಬೀಳುವ ಪೂರ್ವದ ಜಗಲಿಗೆ ಸರಿಸಿದೆ. ಪಾತಿಯ ಗಿಡಗಳಿಗಿಂತ ಹೆಚ್ಚು ದಿನ ಬಾಳಿದವು.

ಇದು ಸಾಸಿವೆ, ಎಲೆಕೋಸಿನ ಬಳಗದ ಗಿಡ. ಕೋಸಿಗೆ ಬೀಳುವ ಹಸಿರು ಹುಳು ಇದಕ್ಕೂ ಬಿದ್ದಿತ್ತು. ಎಲೆಯಡಿ ಹುಡುಕಿ ಕೈಯಿಂದಲೇ ತೆಗೆದೆ. ಜೇನ್ನೊಣ ಬರುವ ಪಾತಿಗೆ ವಿಷ ಹೊಡೆಯಲು ಮನಸ್ಸಾಗಲಿಲ್ಲ.

ಎರಡನೆಯ ಸಲ ಕತ್ತರಿಸಿದ ದಿನ ಬುಟ್ಟಿಯಲ್ಲಿದ್ದ ತುಂಡುಗಳನ್ನು ಗೊಬ್ಬರದ ಗುಂಡಿಗೆ ಹಾಕಲು ಹೊರಟಿದ್ದೆ. ಅಮ್ಮ ಬುಟ್ಟಿ ಕಸಿದುಕೊಂಡು ಹೂವಿನ ತುದಿಗಳನ್ನಷ್ಟೇ ಚಿವುಟಿ, ಹಿತ್ತಾಳೆ ತಟ್ಟೆಯಲ್ಲಿ ನೀರಿಟ್ಟು ದೇವರ ಮುಂದೆ ತೇಲಿಬಿಟ್ಟರು.